ರಿಪೋರ್ಟಿನಲ್ಲಿ ಕಾಣದ ನೋವು

ನನ್ನ ಮೈನೋವಿಗೆ ಫೈಬ್ರೊಮಯಾಲ್ಜಿಯ ಎಂಬ ಕಾಯಿಲೆ ಕಾರಣ ಎಂದು ಡಾಕ್ಟರು ಹೇಳಿದರು. ಆದರೆ ರಕ್ತಪರೀಕ್ಷೆಯಲ್ಲಾಗಲಿ ಎಕ್ಸ್‌ರೇಯಲ್ಲಾಗಲಿ ಏನೂ ಕಾಣಲಿಲ್ಲ. ನನ್ನನ್ನು ಅನುಮಾನಿಸಲು ಅತ್ತೆಗೆ ಅಷ್ಟೇ ಸಾಕಾಯಿತು ಅನ್ನಿಸಿತು. ಬೆಳಿಗ್ಗೆ ಬಂದರಿಗೆ ಹೋಗಿ ಮೀನು ತಂದ ನಾನು ಮಧ್ಯಾಹ್ನ ಮಲಗಿದರೆ, ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಂದು ದಿನ ನೋವಿಗೆಂದು ಬಿಸಿನೀರಿನ ಸ್ನಾನ ಮಾಡಿ ಬಂದಾಗ ಅವರು ನನ್ನ ಆಸ್ಪತ್ರೆಯ ಫೈಲು ಬಿಚ್ಚಿ ಕುಳಿತಿದ್ದರು. ನನ್ನ ಸುಳ್ಳು ಹಿಡಿಯಲು ಹೊರಟಿದ್ದಾರೆ ಎಂದುಕೊಂಡೆ.

"ಎಂತ ಹುಡುಕ್ತಾ ಇದ್ದೀರಿ ಅತ್ತೆ?" ಎಂದೆ.

"ಆ ಡಾಕ್ಟರ ನಂಬರ್ ಉಂಟಾ ಅಂತ. ನನಗೂ ಹೀಗೆಯೇ ನೋವು, ಎಷ್ಟೋ ವರ್ಷದಿಂದ. ಹೇಳಿದರೆ ಯಾರು ನಂಬ್ತಾರೆ?"

ಮರುವಾರ ಇಬ್ಬರೂ ಒಟ್ಟಿಗೆ ಹೋದೆವು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಅವರು ಕಂಬಿ ಹಿಡಿದು ನಿಂತರು. ನಿಜವಾಗಿ ನೋಯುತ್ತಿದೆಯೋ, ನನ್ನನ್ನು ಅಣಕಿಸುತ್ತಿದ್ದಾರೋ ಎಂದು ಅವರ ಮುಖವನ್ನೇ ನೋಡಿದೆ. ಆಮೇಲೆ ನಾಚಿಕೆಯಾಗಿ ಅವರ ಕೈ ಹಿಡಿದುಕೊಂಡೆ.