ಎಡಗೈ ಎತ್ತಿದರೆ ಎಲ್ಲರೂ ನಿಲ್ಲಬೇಕು

ಎತ್ತರ ನನಗೆ ಲೆಕ್ಕಕ್ಕೇ ಇಲ್ಲ. ಊರ ಹಿಂದಿನ ಗುಡ್ಡ ಇಷ್ಟು ಕುಳ್ಳಾಗಿರುವುದೇ ಹುಡುಗನಾಗಿದ್ದಾಗ ನಾನು ಅದರ ನೆತ್ತಿಯ ಮೇಲೆ ಕುಣಿದದ್ದರಿಂದ. ಭಾನುವಾರಗಳಂದು ಅಲ್ಲಿಗೆ ಜನರನ್ನು ಹತ್ತಿಸುವವಳು ನನ್ನ ನಾದಿನಿ.

ವಾರವೆಲ್ಲ ಅವಳಿಗೆ ಹಲ್ಲಿನ ಡಾಕ್ಟರ ಬಳಿ ಕೆಲಸ. ಬಾಯಿ ತೆರೆದು ಮಲಗಿದವನು ಮಾತಾಡಲಾರ. ‘ಸಾಕು ಅನ್ಸಿದ್ರೆ ಎಡಗೈ ಎತ್ತಿ’ ಎನ್ನುವುದು ಅಲ್ಲಿನ ಪದ್ಧತಿ. ಅದನ್ನೇ ಗುಡ್ಡಕ್ಕೂ ಹೊತ್ತು ತಂದಳು. ಯಾರೇ ಎಡಗೈ ಎತ್ತಲಿ, ಇಡೀ ಗುಂಪು ನಿಲ್ಲಬೇಕು, ಯಾಕೆಂದು ಕೇಳುವಂತಿಲ್ಲ. ಕೋಲೂರುವವರು ಮುಂದೆ, ಕುದುರೆಯಂತೆ ಓಡುವವರು ಹಿಂದೆ. ಬಸವನಹುಳುಗಳು ಹಾರ್ನ್ ಹೊಡೆದು ನಮ್ಮನ್ನು ದಾಟಿ ಹೋಗುತ್ತವೆ.

ಈ ಸಲ ನಮ್ಮ ಬೀದಿಯ ಟೈಲರಕ್ಕನೂ ಬಂದಿದ್ದಳು. ಹಿಂದೊಮ್ಮೆ ಗೋಡೆ ಕುಸಿದು, ಹಗಲೆಲ್ಲ ಅದರಡಿ ಸಿಕ್ಕಿಕೊಂಡಿದ್ದವಳು. ಈಗಲೂ ಅಂಗಡಿಯ ಷಟರ್ ಅರ್ಧ ಇಳಿದರೆ ಹೊರಗೆ ಓಡುತ್ತಾಳೆ. ಆದರೆ ಗುಡ್ಡದ ತುದಿಯಿಂದ ಊರು ನೋಡುವ ಆಸೆ ಮಾತ್ರ ಬಿಟ್ಟಿರಲಿಲ್ಲ. ತುದಿಗೆ ಹೋಗಲು ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ಅಡ್ಡವಾಗಿ ನುಸುಳಬೇಕು. ಅಲ್ಲಿ ಅವಳ ಎಡಗೈ ಮೇಲೆದ್ದಿತು.

ಎಲ್ಲರೂ ನಿಂತರು. ನನ್ನ ಬಾಯಿ ನಿಲ್ಲಬೇಕಲ್ಲ. “ಧೈರ್ಯ ಮಾಡಮ್ಮ, ಏನೂ ಆಗಲ್ಲ” ಎಂದೆ.

“ಭಾವ, ಆ ಧೈರ್ಯ ನಿಮ್ಮ ಹತ್ರಾನೇ ಇರ್ಲಿ, ಬೇಕಾದೀತು,” ಎಂದ ನಾದಿನಿ ಅತ್ತ ತಿರುಗಿದಳು. “ಅಕ್ಕಾ, ಇಲ್ಲೇ ಕೂತು ತಿಂಡಿ ತಿಂದು ವಾಪಸ್ ಹೋದ್ರೂ ಗುಡ್ಡ ಹತ್ತಿದ ಹಾಗೇನೇ. ಹೋಗ್ಬೇಕು ಅನ್ಸಿದ್ರೆ, ಹೇಗೆ ಅಂತ ನೀವೇ ಹೇಳಿ.”

ಟೈಲರಕ್ಕ ಸಂದಿಯನ್ನು ಬಟ್ಟೆ ಅಳೆಯುವ ಹಾಗೆ ನೋಡಿದಳು. “ನನ್ನ ಹಿಂದೆ ಯಾರೂ ಇರ್ಬಾರ್ದು. ನೀನು ಆ ಕಡೆ ನಿಂತು ಮಾತಾಡ್ತಾ ಇರು. ಮುಟ್ಬೇಡ.”

ನಾವು ದೂರ ಸರಿದೆವು. ನಾದಿನಿ ಆ ಕಡೆಗೆ ದಾಟಿ, ನನ್ನ ಮದುವೆಯ ದಿನವೇ ನಾನು ಬೇರೆ ಯಾರದೋ ಮದುವೆ ಮನೆಯಲ್ಲಿ ಊಟಕ್ಕೆ ಕೂತ ಕಥೆ ತೆಗೆದಳು. ಟೈಲರಕ್ಕ ಸಂದಿಗೆ ಹೋದಳು, ಹೊರಗೆ ಬಂದಳು. ನಾವು ಉಸಿರು ಬಿಡಲಿಲ್ಲ, ಗುಡ್ಡದ ಗಾಳಿಯೂ ಬೀಸಲಿಲ್ಲ. ಮತ್ತೆ ಹೋದಳು. ಕಥೆಯಲ್ಲಿ ಪಾಯಸ ಬಡಿಸುವ ಹೊತ್ತಿಗೆ ಆ ಕಡೆ ಎರಡು ನಗು ಕೇಳಿಸಿತು.

“ಬಂದೆ ಕಣೇ, ಬಂದುಬಿಟ್ಟೆ!”

ನಾವು ಹಾಕಿದ ಕೇಕೆಗೆ ಗುಡ್ಡ ಒಂದು ಗೇಣು ಅತ್ತ ಸರಿಯಿತು. ನಾನೂ ನುಗ್ಗಿ ತುದಿಗೆ ಬಂದೆ. ಬೋಳು ಬಂಡೆ, ಕೆಳಗೆ ಅಂಗಿಯ ಗುಂಡಿಗಳನ್ನು ಚೆಲ್ಲಿದಂತೆ ಊರು. ನಾನು ಬಂಡೆಗೆ ಹೊಲಿಗೆ ಹಾಕಿದಂತೆ ಕೂತುಬಿಟ್ಟೆ. ಎಡಗೈ ನನ್ನನ್ನು ಕೇಳದೆಯೇ ಮೇಲೆದ್ದಿತು.

ಎಲ್ಲರೂ ನಿಂತರು. ಯಾರೂ ಏನೂ ಕೇಳಲಿಲ್ಲ. ಅದನ್ನು ತಡೆಯಲಾರದೆ, “ಹದ್ದು ತೋರಿಸ್ತಿದ್ದೆ, ಅಷ್ಟೇ” ಎಂದೆ. ಆಕಾಶದಲ್ಲಿ ಒಂದು ಸೊಳ್ಳೆಯೂ ಇರಲಿಲ್ಲ.

ನಾದಿನಿ ಒಂದು ಮಾರು ದೂರ ಬಿಟ್ಟು ಕೂತಳು. “ದೊಡ್ಡ ಹದ್ದೇ ಭಾವ. ಅದು ಹಾರಿ ಹೋಗೋವರೆಗೂ ಕೂತಿರೋಣ.”