ಅತ್ತಿಮರದ ಮರಕಸಿ

ಕೊಡೆಯನ್ನು ಅವರು ಕೈಯಲ್ಲಿ ಹಿಡಿಯುತ್ತಿರಲಿಲ್ಲ. ಅದರ ಬಾಗಿದ ಹಿಡಿಯನ್ನು ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿಕೊಂಡು, ಬೆನ್ನಮೇಲೆ ತೂಗಿಬಿಟ್ಟು ನಡೆಯುತ್ತಿದ್ದರು. ಕಾಲರ್ ಅಲ್ಲಿ ಸವೆದು, ಬೇರೆ ಬಣ್ಣದ ತೇಪೆ ಕಾಣುತ್ತಿತ್ತು.

ಪಕ್ಕದ ಮನೆಯವರು. ಗೋಣಿಕೊಪ್ಪಲಿನ ನಮ್ಮ ಬಡಾವಣೆ ಕಾಫಿ ತೋಟವಾಗಿದ್ದಾಗ ಅವರು ಅದರ ರೈಟರ್. ಆಳುಗಳ ಹಾಜರಿ ಬರೆದು ಕೆಲಸ ನೋಡಿಕೊಳ್ಳುತ್ತಿದ್ದವರು. ತೋಟ ಸೈಟುಗಳಾದಾಗ ಅತ್ತಿಮರವಿದ್ದ ಸೈಟನ್ನೇ ಆರಿಸಿ ಕೊಂಡರಂತೆ. ಅವರು ಒಬ್ಬರೇ ಇದ್ದರು. ಕಾಲೇಜಿನಲ್ಲಿ ಪಾಠ ಮಾಡುವ ನಾನೂ ಒಬ್ಬಳೇ. ನಾನು ಇಲ್ಲಿಗೆ ಬಂದ ನಾಲ್ಕು ವರ್ಷದಲ್ಲಿ ನಾವು ಆಡಿದ ಮಾತು ಕಡಿಮೆ. ಆದರೆ ಮಳೆಗೆ ಮುಂಚೆ ಪ್ರತಿ ವರ್ಷ, ತೋಟದ ರೂಢಿಯಂತೆ, ಮರ ಉಳಿಸಿ ಕೊಂಬೆಗಳನ್ನಷ್ಟೇ ಕಡಿಯುವ ಮರಕಸಿ ಮಾಡಿಸುತ್ತಿದ್ದರು. ಮರ ಹತ್ತಿದವನಿಗೆ ಕೊಡೆಯ ತುದಿಯಿಂದ ಒಂದೊಂದೇ ಕೊಂಬೆ ತೋರಿಸಿ ಸವರಿಸುವರು: "ಮೇಡಂ ಮನೆ ಕಡೇದು ಮೊದ್ಲು ತೆಗಿ. ಆ ಕಡೆ ಭಾರ ಇರ್ಬಾರ್ದು."

ಕಳೆದ ಬೇಸಿಗೆ ಬಡಾವಣೆಯವರು ಅವರ ಜಗಲಿಯಲ್ಲೇ ಸೇರಿದರು. ಈ ಅತ್ತಿ, ಮೂಲೆ ಮನೆಯ ಹಲಸು, ಎರಡೂ ಹೋಗಬೇಕು. ಬಾವಲಿಗಳು ಕಾರಿನ ಮೇಲೆ ಹಣ್ಣು ಉಗುಳುತ್ತವೆ. ಗಾಳಿಗೆ ಮರ ಬಿದ್ದರೆ ಯಾರು ಹೊಣೆ?

"ರೈಟ್ರೇ, ಇದಿನ್ನೂ ನಿಮ್ ಎಸ್ಟೇಟಾ?" ಎಂದರು ಸಂಘದ ಕಾರ್ಯದರ್ಶಿ.

"ಆಗಿದ್ರೆ ಇಷ್ಟೊತ್ತಿಗೆ ನಿಮ್ಮನ್ನ ಕಾಫಿ ಪಿಕ್ಕಿಂಗಿಗೆ ಅಟ್ತಿದ್ದೆ ಸಾರ್."

ಎಲ್ಲರೂ ನಕ್ಕರು. ಆಮೇಲೆ ಅವರು ನನ್ನ ಕಡೆ ನೋಡಿದರು. "ಬಿದ್ರೆ ಮೇಡಂ ಮನೆ ಮೇಲೇ ಬೀಳೋದು. ಅವ್ರು ಹೇಳ್ಲಿ. ಮರಕಸಿ ಸಾಕು ಅಂದ್ರೆ ಇರ್ಲಿ. ಹೆದ್ರಿಕೆ ಅಂದ್ರೆ ಕಡಿಸ್ತೀನಿ."

ನನಗೆ ಹೆದರಿಕೆ ಇರಲಿಲ್ಲ. ಅಷ್ಟು ಮುಖಗಳು ಒಟ್ಟಿಗೆ ನನ್ನತ್ತ ತಿರುಗಿದ್ದನ್ನು ತಡೆಯಲಾಗಲಿಲ್ಲ, ಅಷ್ಟೇ. "ಎಲ್ಲರೂ ಹೇಳಿದ ಹಾಗೆ ಆಗಲಿ" ಎಂದೆ.

"ಆಯ್ತು ಮೇಡಂ" ಎಂದರು. ಎರಡನೇ ಸಲ ಕೇಳಲಿಲ್ಲ.

ಅತ್ತಿಮರ ಹೋಯಿತು. ಹಲಸಿನ ಸರದಿ ಮುಂದಕ್ಕೆ ಬಿತ್ತು. ಒಂದು ದಿನ ಬೇಲಿಯಾಚೆಯಿಂದ, "ಬಿಸಿಲು ಜಾಸ್ತಿ ಆಯ್ತಲ್ಲ ಮೇಡಂ, ಕಿಟಕಿಗೆ ಪರದೆ ಹಾಕ್ಸಿ" ಎಂದರು. ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಸಹಿಸುವುದು ಸುಲಭವಾಗುತ್ತಿತ್ತು.

ಚಳಿಗಾಲದಲ್ಲಿ ತೀರಿಕೊಂಡರು. ಮಾದಾಪುರದಿಂದ ತಂಗಿಯ ಮಕ್ಕಳು ಬಂದು ದೇಹವನ್ನು ತೆಗೆದುಕೊಂಡು ಹೋದರು. ಗಾಡಿ ತಿರುವು ದಾಟುವ ಮೊದಲೇ ಕಾರ್ಯದರ್ಶಿ ಯಾರಿಗೋ, "ಮುಂದಿನ್ ವಾರ ಆ ಹಲಸನ್ನೂ ಮುಗಿಸ್ಬಿಡೋಣ" ಎನ್ನುತ್ತಿದ್ದರು. ನಾನು ಒಳಗೆ ಬಂದು, ಇನ್ನೂ ಪರದೆ ಹಾಕಿಸದ ಕಿಟಕಿಯ ಬಳಿ ಕೂತೆ.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಕಾರ್ಯದರ್ಶಿಯ ಮನೆಗೆ ಹೋದೆ.

"ಹಲಸು ಕಡಿಸೋದು ಬೇಡ. ಮರಕಸಿ ಸಾಕು."

"ಅದು ನಿಮ್ ಮನೆ ಹತ್ರಾನೂ ಇಲ್ವಲ್ಲ ಮೇಡಂ?"

"ಇಲ್ಲ" ಎಂದೆ. "ಆದರೂ ಬೇಡ."

ಅವರು ಒಳಗೆ ಕರೆಯುವವರೆಗೆ ಬಾಗಿಲಿನಿಂದ ಕದಲಲಿಲ್ಲ.