ಮಾನಿಟರ್ ಬರೆದುಕೊಂಡ ದನಿ

ದರ್ಜಿಗೆ ಐವತ್ತೆಂಟು ತುಂಬಿದರೂ ಅಕ್ಕ ಕರೆಯುವುದು 'ಪುಟ್ಟ' ಎಂದೇ. ಬೇರೆ ಊರಿನಲ್ಲಿರುವ ಈ ನಿವೃತ್ತ ಟೀಚರು ಭಾನುವಾರ ಹತ್ತಕ್ಕೆ ಸರಿಯಾಗಿ ಅವನ ಅಂಗಡಿಯ ಕಂಪ್ಯೂಟರಿಗೆ ಕರೆ ಮಾಡುತ್ತಾಳೆ. ಇವನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಯಾರದೋ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತ ಹೂಂಗುಟ್ಟುತ್ತಾನೆ. "ಮದುವೆ ಆದಾಗಿಂದ ನನಗೆ ಇಷ್ಟು ಹೂಂ ಅಂದಿಲ್ಲ ನೀವು" ಎಂದು ಹೆಂಡತಿ ಚುಚ್ಚುತ್ತಾಳೆ. ಅದೂ ನಿಜವೇ.

ಆ ಅಕ್ಕನ ಗಂಟಲಲ್ಲಿ ಒಂದು ಗಂಟು ಎದ್ದಿತು. ಆಪರೇಷನ್ ಆಗಬೇಕು, ಜೀವಕ್ಕೇನೂ ಭಯವಿಲ್ಲ, ಆದರೆ ದನಿ ಮೊದಲಿನ ಹಾಗೇ ಉಳಿಯುತ್ತದೆಂದು ಹೇಳಲಾರೆ ಎಂದರು ಡಾಕ್ಟರು. ತೀರಿಹೋದ ಅಮ್ಮನ ದನಿ ಹೇಗಿತ್ತೆಂದು ಈಗ ಎಷ್ಟು ತಡಕಾಡಿದರೂ ದರ್ಜಿಗೆ ನೆನಪಾಗುವುದಿಲ್ಲ. ಅಕ್ಕನದನ್ನಾದರೂ ಹಿಡಿದಿಟ್ಟುಕೊಳ್ಳಬೇಕೆಂದು ಹಟ ಹಿಡಿದ. ಆಪರೇಷನ್ನಿಗೆ ಮುಂಚೆ ಉಳಿದಿದ್ದು ಎರಡೇ ಭಾನುವಾರ.

ಅವನ ಹಳೇ ಕಂಪ್ಯೂಟರಿಗೆ ಸೊಸೆ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ ಹಾಕಿಕೊಟ್ಟಿದ್ದಳು, ಜೊತೆಗೆ ಆಡಾಸಿಟಿ ಎಂಬ ಬಿಟ್ಟಿ ಪ್ರೋಗ್ರಾಮು. ಕೆಂಪು ಗುಂಡಿ ಒತ್ತಿದರೆ ರೆಕಾರ್ಡು, ನೀರು ಕುಡಿದಷ್ಟು ಸುಲಭ ಎಂದಿದ್ದಳು. ಮೊದಲ ಭಾನುವಾರ ಒತ್ತಿದ. ಅಕ್ಕ ಗಂಟೆಗಟ್ಟಲೆ ಮಾತಾಡಿದಳು. ಆಮೇಲೆ ಹಾಕಿ ಕೇಳಿದರೆ ಹೊಲಿಗೆ ಯಂತ್ರದ ಟಕಟಕ, ನಡುನಡುವೆ ಇವನದೇ "ಹೂಂ, ಹೂಂ". ಹೆಡ್‌ಫೋನಿನೊಳಗೆ ಮಾತಾಡಿದ ಅಕ್ಕನ ಸುಳಿವೇ ಇಲ್ಲ. ಹೆಂಡತಿ ಬಿದ್ದುಬಿದ್ದು ನಕ್ಕವಳು ಅವನ ಮುಖ ನೋಡಿ ಕಾಫಿ ತಂದಿಟ್ಟಳು.

ಸೊಸೆ ಹಡಗಿನ ಕೆಲಸಕ್ಕೆ ಹೋದವಳು, ಫೋನಿಗೆ ಸಿಗುವವಳಲ್ಲ. ವಾರವಿಡೀ ದರ್ಜಿ ಒಬ್ಬನೇ ತಲೆ ಕೆರೆದುಕೊಂಡ. ವಾಲ್ಯೂಮ್ ಕಂಟ್ರೋಲಿನಲ್ಲಿ ರೆಕಾರ್ಡಿಂಗ್ ಎಂಬ ಪುಟ ಸಿಕ್ಕಿತು. ಯಾವುದರಿಂದ ರೆಕಾರ್ಡು ಮಾಡಬೇಕು ಎಂಬಲ್ಲಿ ಎರಡು ಹೆಸರಿದ್ದವು: ಮೈಕು, ಮಾನಿಟರ್. ಮಾನಿಟರ್ ಅಂದರೆ ಎದುರಿಗಿರುವ ಪರದೆ, ಅದಕ್ಕೆಲ್ಲಿದೆ ಕಿವಿ ಎಂದು ಮಹಾಶಯ ಅದರ ತಂಟೆಗೇ ಹೋಗಲಿಲ್ಲ. ಮೈಕನ್ನೇ ಇನ್ನಷ್ಟು ಜೋರು ಮಾಡಿ ಕೂತ.

ಕೊನೆಯ ಭಾನುವಾರ ಕರೆ ಬಂತು. ಇವನು ತಡೆಯಲಾರದೆ ಎಲ್ಲ ಹೇಳಿಬಿಟ್ಟ.

"ಅಕ್ಕ, ನಿನ್ನ ದನಿ ಇಟ್ಕೋಬೇಕು ಅಂತ ಎಷ್ಟು ಒದ್ದಾಡಿದೆ. ಬರ್ತಾನೇ ಇಲ್ಲ."

ಅಕ್ಕ ತಕ್ಷಣ ಟೀಚರಾದಳು. "ಅಲ್ಲಿ ಏನೇನು ಬರೆದಿದೆ, ಓದು."

ಓದಿದ.

"ಅಲ್ಲೋ ಪೆದ್ದ, ಕ್ಲಾಸಲ್ಲಿ ಮಾನಿಟರ್ ಏನು ಮಾಡ್ತಿದ್ದ?"

"ಮಾತಾಡೋರ ಹೆಸರು ಬರ್ಕೊಳ್ತಿದ್ದ. ದಿನಾ ನಂದೇ ಇರ್ತಿತ್ತು."

"ಮತ್ತೆ? ಕಂಪ್ಯೂಟರೊಳಗೆ ಮಾತಾಡ್ತಿರೋಳು ನಾನು. ಅವನಿಗೇ ವಹಿಸು."

ಮೈಕು ಬಿಟ್ಟು ಮಾನಿಟರಿಗೆ ವಹಿಸಿದ. ಕೆಂಪು ಗುಂಡಿ ಒತ್ತಿದ. "ಬರ್ತಿದೆಯೇನೋ?" ಎಂದಳು ಅಕ್ಕ. ಪರದೆಯ ಮೇಲೆ ಮಟ್ಟಸವಾಗಿದ್ದ ಗೆರೆ ಗುಡ್ಡವಾಗಿ ಎದ್ದಿತು. ಅವಳು ಸುಮ್ಮನಾದರೆ ಗೆರೆಯೂ ಸುಮ್ಮನೆ. ದರ್ಜಿಯ ಕಣ್ಣು ತುಂಬಿಬಂತು.

"ಏನು ಹೇಳ್ಲಿ ಈಗ?"

"ಬೈಯಿ ಅಕ್ಕ. ಚೆನ್ನಾಗಿ ಬೈಯಿ."

ಚಿಕ್ಕಂದಿನಲ್ಲಿ ಕಳೆದುಹಾಕಿದ ಕೊಡೆಯಿಂದ ಹಿಡಿದು ಮೊನ್ನೆ ಕನ್ನಡಕವಿಲ್ಲದೆ ಬೆರಳಿಗೆ ಸೂಜಿ ಚುಚ್ಚಿಕೊಂಡಿದ್ದರವರೆಗೆ ಅಕ್ಕ ನಲವತ್ತು ನಿಮಿಷ ಮನಸಾರೆ ಬೈದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಅಕ್ಕ ಗಟ್ಟಿಮುಟ್ಟಾಗಿದ್ದಾಳೆ, ದನಿ ಮಾತ್ರ ಪಿಸುಗುಟ್ಟುವಷ್ಟೇ ಉಳಿಯಿತು. ಈಗ ಬಟ್ಟೆ ಕತ್ತರಿಸುವಾಗ ದರ್ಜಿ ಆ ಬೈಗುಳ ಹಾಕಿಕೊಳ್ಳುತ್ತಾನೆ. ಅದರಲ್ಲಿ ಇವನ ದನಿ ಇಲ್ಲವಾದ್ದರಿಂದ, ಅವಳು ನಿಲ್ಲಿಸಿದಲ್ಲೆಲ್ಲ ತಾನೇ ಹೂಂ ಅನ್ನುತ್ತಾನೆ. ಭಾನುವಾರ ಹತ್ತಕ್ಕೆ ಕರೆ ಬರುತ್ತದೆ. ಮಾತಾಡುವ ಸರದಿ ಈಗ ಇವನದು, ವಾರದ ಸುದ್ದಿಯನ್ನೆಲ್ಲ ಒಪ್ಪಿಸುತ್ತಾನೆ. ಆ ಕಡೆಯಿಂದ ಮೆಲ್ಲಗೆ, "ಹೂಂ" ಎಂದು ಕೇಳುತ್ತದೆ. ಪರದೆಯ ಮೇಲೆ ಒಂದು ಸಣ್ಣ ಗುಡ್ಡ ಏಳುತ್ತದೆ. ಅದನ್ನೂ ಅವನು ಉಳಿಸಿಕೊಳ್ಳುತ್ತಾನೆ.